ಅಪ್ಪನ ‘ಬೆನ್-ಹರ್’ ಪ್ಲೇಟು ನಕಲಿಯೇ?

ಹೋದ ಸಂಚಿಕೆಯಲ್ಲಿ ಸಿನಿಮಾ ಹಿನ್ನೆಲೆ ಸಂಗೀತದ ಆಲ್ಬಂಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹಳೆಯ ಆಲ್ಬಂಗಳು ಈಗ ಎರಡು ಡಿಸ್ಕು, ಮೂರು ಡಿಸ್ಕು ಆಗಿ ಮತ್ತೆ ಬರುತ್ತಿವೆ, ಆಗ ಬಿಟ್ಟುಹೋಗಿದ್ದ ಸಂಗೀತವೂ ಅವುಗಳಲ್ಲಿ ಇರುತ್ತದೆ ಎಂದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಹಿನ್ನೆಲೆ ಸಂಗೀತವನ್ನೇ ಕೂತು ಕೇಳುವವರು ನಮ್ಮ ಜಿಲ್ಲೆಗಳಲ್ಲಿ ಇಷ್ಟು ಜನ ಇದ್ದಾರೆ ಅಂತ ಗೊತ್ತಾಗಿ ತುಂಬ ಖುಷಿಯಾಯಿತು. ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಅಪ್ಪ 1960ರ ದಶಕದಲ್ಲಿ ಕೊಂಡ ‘ಬೆನ್-ಹರ್’ ಎಲ್‌ಪಿ ಪ್ಲೇಟು ನಮ್ಮ ಮನೆಯಲ್ಲಿದೆ. ಮೊನ್ನೆ ಸಿನಿಮಾ ಮತ್ತೆ ನೋಡಿದೆ. ರಾಗಗಳು ಅವೇ, ಆದರೆ ನುಡಿಸಿರುವ ರೀತಿ ಬೇರೆ, ವೇಗ ಬೇರೆ. ಅಪ್ಪ ಮೋಸ ಹೋದರೇ? — ಹಾಸನದ ಓದುಗರು

ಇಲ್ಲ, ನಿಮ್ಮ ತಂದೆ ಮೋಸ ಹೋಗಲಿಲ್ಲ. ನಿಮ್ಮ ಕಿವಿಯೂ ಸರಿಯಾಗಿಯೇ ಇದೆ.

‘ಬೆನ್-ಹರ್’ 1959ರ ಚಿತ್ರ. ಸಂಗೀತ ಮಿಕ್ಲೋಶ್ ರೋಝಾ ಅವರದು. ಚಿತ್ರಕ್ಕೆ ಅವರೇ ಅಮೆರಿಕದ ಎಂಜಿಎಂ ಸ್ಟುಡಿಯೋದಲ್ಲಿ ವಾದ್ಯವೃಂದ ನಡೆಸಿ ರೆಕಾರ್ಡ್ ಮಾಡಿದರು. ಅಂಗಡಿಗೆ ಬಂದ ಎಲ್‌ಪಿಯಲ್ಲಿ ಆ ರೆಕಾರ್ಡಿಂಗ್ ಇರಲಿಲ್ಲ. ಅದನ್ನು ರೋಮ್‌ನಲ್ಲಿ ಬೇರೆ ವಾದ್ಯವೃಂದ ನುಡಿಸಿತು. ನಡೆಸಿದವರು ಕಾರ್ಲೊ ಸವಿನಾ. ಪ್ಲೇಟಿನ ಕವರನ್ನು ಒಮ್ಮೆ ತಿರುಗಿಸಿ ನೋಡಿ, ಬಹುಶಃ ಆ ಹೆಸರು ಸಿಗುತ್ತದೆ. ಆ ಆಲ್ಬಂ ಚೆನ್ನಾಗಿ ಮಾರಾಟವಾಯಿತು. ಆಮೇಲೆ ಉಳಿದ ಸಂಗೀತದಿಂದ ಇನ್ನೊಂದು ಎಲ್‌ಪಿ ತಂದರು. ಅದನ್ನು ನುಡಿಸಿದ್ದು ಜರ್ಮನಿಯ ವಾದ್ಯವೃಂದ, ನಡೆಸಿದವರು ಎರಿಕ್ ಕ್ಲಾಸ್. ಅಂದರೆ ‘ಇನ್ನೂ ಬೇಕು’ ಎನ್ನುವ ಆಸೆ ಇವತ್ತಿನ ಸಂಗ್ರಹಕಾರರಿಂದ ಶುರುವಾದದ್ದಲ್ಲ. ನಿಮ್ಮ ತಂದೆಯ ಕಾಲದಲ್ಲೇ ಇತ್ತು.

ಚಿತ್ರದಲ್ಲಿ ನಾವು ಕೇಳಿದ ಆ ನುಡಿಸಾಣಿಕೆ ಮಾತ್ರ ದಶಕಗಳ ಕಾಲ ಉಗ್ರಾಣದಲ್ಲೇ ಉಳಿಯಿತು. 1996ರಲ್ಲಿ ರೈನೊ ಕಂಪನಿ ಎರಡು ಡಿಸ್ಕಿನಲ್ಲಿ ಅದನ್ನು ಹೊರಗೆ ತಂದಿತು. 2012ರಲ್ಲಿ ಫಿಲ್ಮ್ ಸ್ಕೋರ್ ಮಂತ್ಲಿ ಎಂಬ ಕಂಪನಿ ಐದು ಡಿಸ್ಕುಗಳ ಪೆಟ್ಟಿಗೆ ಮಾಡಿತು. ಚಿತ್ರದ ಪೂರ್ತಿ ಸಂಗೀತ, ಬಳಸದೆ ಬಿಟ್ಟ ಬದಲಿ ತುಣುಕುಗಳು, ಜೊತೆಗೆ ನಿಮ್ಮ ತಂದೆಯ ಪ್ಲೇಟಿನಲ್ಲಿರುವ ರೋಮ್ ಆಲ್ಬಂ ಕೂಡ ಅದರಲ್ಲಿದೆ.

ಇದು ಎಷ್ಟು ದೊಡ್ಡ ಕೆಲಸ ಅಂತ ತಿಳಿಯಲು ಇನ್ನೊಂದು ಸಂಗತಿ ಗೊತ್ತಿರಬೇಕು. 1970ರ ಆಸುಪಾಸಿನಲ್ಲಿ ಎಂಜಿಎಂ ಸ್ಟುಡಿಯೋ ತನ್ನ ಸಂಗೀತ ಗ್ರಂಥಾಲಯವನ್ನು ಖಾಲಿ ಮಾಡಿತು. ವಾದ್ಯವೃಂದದ ಬರೆದ ಹಾಳೆಗಳು, ಒಬ್ಬೊಬ್ಬ ವಾದಕನ ಪ್ರತಿ, ಎಲ್ಲವೂ ಕಸದ ಗುಂಡಿಗೆ ಹೋದವು. ಮುಂದೆ ಆ ಸ್ಟುಡಿಯೋದ ಹಾಡಿನ ಚಿತ್ರಗಳನ್ನು ವೇದಿಕೆಯಲ್ಲಿ ನುಡಿಸಬೇಕು ಎಂದಾಗ ವಾದ್ಯವೃಂದ ನಡೆಸುವ ಇಂಗ್ಲೆಂಡಿನ ಜಾನ್ ವಿಲ್ಸನ್ ಸಿನಿಮಾ ಕೇಳಿ ಕೇಳಿ, ಒಂದೊಂದು ಸ್ವರವನ್ನೂ ಕಿವಿಯಿಂದ ಹಿಡಿದು ಮತ್ತೆ ಬರೆಯಬೇಕಾಯಿತು. ಹಾಳೆ ಹೋದರೂ ಟೇಪು ಉಳಿದಿತ್ತು. ಹಾಗಾಗಿ ‘ಬೆನ್-ಹರ್’ ಉಳಿಯಿತು.

ಅಪ್ಪನ ಪ್ಲೇಟನ್ನು ಮಾತ್ರ ಯಾರಿಗೂ ಕೊಡಬೇಡಿ. ಅವರು ಅಷ್ಟು ವರ್ಷ ಕೇಳಿದ್ದು ಆ ರೋಮ್ ವಾದ್ಯವೃಂದವನ್ನು. ನಿಮ್ಮ ಮನೆಯ ‘ಬೆನ್-ಹರ್’ ಅದೇ.

ಸಂಗ್ರಹಕಾರರಲ್ಲಿ ಎರಡು ಪಂಗಡ ಇದೆ ಅಂತ ಬರೆದಿದ್ದಿರಿ. ಸಂಗೀತಗಾರ ಆರಿಸಿ ಜೋಡಿಸಿದ ಹಳೇ ಆಲ್ಬಮ್ಮೇ ಸರಿ ಎನ್ನುವವರು ಒಂದು ಕಡೆ, ಒಂದು ಸ್ವರವೂ ಬಿಡದೆ ಚಿತ್ರದ ಕ್ರಮದಲ್ಲೇ ಬೇಕು ಎನ್ನುವವರು ಇನ್ನೊಂದು ಕಡೆ. ನೀವು ಯಾವ ಕಡೆ? — ಮೈಸೂರಿನ ಓದುಗರು

ಇದಕ್ಕೆ ಉತ್ತರಿಸಲು ನನ್ನ ಅಂಗಡಿಯ ಕಥೆ ಹೇಳಬೇಕು.

1980ರ ದಶಕದಲ್ಲಿ ದಾವಣಗೆರೆಯಲ್ಲಿ ನನ್ನದೊಂದು ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿ ಇತ್ತು. ಜನ ಹಾಡಿನ ಪಟ್ಟಿ ಬರೆದು ತರುತ್ತಿದ್ದರು, ನಾನು ಪ್ಲೇಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಡುತ್ತಿದ್ದೆ. ರಾತ್ರಿ ಬಾಗಿಲು ಹಾಕಿದ ಮೇಲೆ ನನ್ನ ಕೆಲಸ. ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕದ ರಾಶಿ ಪಕ್ಕ ‘ಸ್ಟಾರ್ ವಾರ್ಸ್’ ಜೋಡಿ ಎಲ್‌ಪಿ ಸಿಕ್ಕಿತ್ತು. 1977ರದು. ಜಾನ್ ವಿಲಿಯಮ್ಸ್ ಸಂಗೀತ, ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಒಟ್ಟು 74 ನಿಮಿಷ.

ಆ ಪ್ಲೇಟು ಕೇಳಿದರೆ ಚಿತ್ರ ನೋಡಿದವರಿಗೆ ಗಲಿಬಿಲಿ. ಆ ಕಥೆಯ ಮುದುಕ ಬೆನ್ ಸಾಯುವ ಸಂಗೀತ ಎರಡನೇ ಮಗ್ಗುಲಿನ ಮೊದಲಲ್ಲೇ ಬರುತ್ತದೆ. ಅವನು ಚಿತ್ರದಲ್ಲಿ ಅದಕ್ಕಿಂತ ಎಷ್ಟೋ ಮೊದಲು ಹೋಗುವ ಹೆಂಡದಂಗಡಿಯ ಬ್ಯಾಂಡು ಅದೇ ಮಗ್ಗುಲಿನ ಕೊನೆಗೆ! ನನಗೆ ಇದು ಸರಿ ಕಾಣಲಿಲ್ಲ. ಎರಡು ಕ್ಯಾಸೆಟ್ ಡೆಕ್ ಇಟ್ಟುಕೊಂಡು, ಮೂರು ರಾತ್ರಿ ಕೂತು, ಎಲ್ಲವನ್ನೂ ಚಿತ್ರದ ಕ್ರಮಕ್ಕೆ ತಂದು 90 ನಿಮಿಷದ ಒಂದು ಸಿ-90 ಕ್ಯಾಸೆಟ್ಟಿಗೆ ತುಂಬಿದೆ. ಭಾರಿ ಸಾಧನೆ ಮಾಡಿದ ಹಾಗೆ ಗೆಳೆಯರಿಗೆಲ್ಲ ಕೇಳಿಸಿದೆ.

ಒಂದು ತಿಂಗಳಲ್ಲಿ ಆ ಕ್ಯಾಸೆಟ್ ಕೇಳುವುದನ್ನು ಬಿಟ್ಟೆ. ಮತ್ತೆ ಪ್ಲೇಟನ್ನೇ ಹಾಕತೊಡಗಿದೆ. ಯಾಕೆ ಅಂತ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ವಿಲಿಯಮ್ಸ್ ಒಂದೊಂದು ಮಗ್ಗುಲನ್ನೂ ಒಂದೊಂದು ಕಚೇರಿಯ ಹಾಗೆ ಕಟ್ಟಿದ್ದರು. ಜೋರಾದ ಒಂದು ತುಣುಕು, ಆಮೇಲೆ ಉಸಿರಾಡಲು ಮೆತ್ತನೆಯದು, ಮತ್ತೆ ಏರು. ಚಿತ್ರದಲ್ಲಿ ಆ ಬಿಡುವನ್ನು ಮಾತು ಕೊಡುತ್ತದೆ. ಮಾತಿಲ್ಲದ ಪ್ಲೇಟಿನಲ್ಲಿ ಸಂಗೀತವೇ ಅದನ್ನು ಕೊಡಬೇಕು. ಅದನ್ನು ನಾನು ಕತ್ತರಿಸಿ ಹಾಳು ಮಾಡಿದ್ದೆ.

ಹಾಗಾದರೆ ನಾನು ಹಳೇ ಆಲ್ಬಂ ಪಂಗಡದವನೇ? ಅಲ್ಲ. 1997ರಲ್ಲಿ ಆರ್‌ಸಿಎ ಕಂಪನಿ ಅದೇ ಸಂಗೀತವನ್ನು ಎರಡು ಡಿಸ್ಕಿನಲ್ಲಿ, ಚಿತ್ರದ ಕ್ರಮದಲ್ಲಿ, ಪೂರ್ತಿಯಾಗಿ ತಂದಿತು. ಮೊದಲ ಡಿಸ್ಕಿನ ಕೊನೆಗೆ ಕಾಯುತ್ತ ಕೂತರೆ, ಕವರಿನಲ್ಲಿ ಬರೆಯದೇ ಇರುವ ಒಂದು ಭಾಗ ಬರುತ್ತದೆ. ಆರಂಭದ ಶೀರ್ಷಿಕೆ ಸಂಗೀತದ ಬೇರೆ ಬೇರೆ ಟೇಕ್‌ಗಳು, ಒಂದಾದ ಮೇಲೆ ಒಂದು. ಅದೇ ರಾಗ, ಅದೇ ಜನ, ಪ್ರತಿ ಸಲ ಸ್ವಲ್ಪ ಬೇರೆ. ಕೇಳುತ್ತಿದ್ದರೆ ಒಂದು ಕೋಣೆಯಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಬೆವರು ಸುರಿಸುತ್ತ ‘ಇನ್ನೊಂದು ಸಲ’ ಎಂದು ವಾದ್ಯ ಎತ್ತುವುದು ಕಾಣುತ್ತದೆ. ಆ ಭಾಗವನ್ನು ಮೊದಲ ಸಲ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 1979ರ ‘ಸ್ಟಾರ್ ಟ್ರೆಕ್’ ಚಿತ್ರಕ್ಕೆ ಜೆರ್ರಿ ಗೋಲ್ಡ್‌ಸ್ಮಿತ್ ಮೊದಲು ಬರೆದ ಕೆಲವು ಭಾಗಗಳು ನಿರ್ದೇಶಕ ರಾಬರ್ಟ್ ವೈಸ್ ಅವರಿಗೆ ಹಿಡಿಸಲಿಲ್ಲ. ಬಾಹ್ಯಾಕಾಶದ ಹಡಗು ಮೊದಲ ಸಲ ಕಾಣುವ ದೃಶ್ಯಕ್ಕೆ ಸಂಗೀತ ಇತ್ತು, ಆದರೆ ಮನಸ್ಸಿನಲ್ಲಿ ನಿಲ್ಲುವ ರಾಗ ಇರಲಿಲ್ಲ. ಗೋಲ್ಡ್‌ಸ್ಮಿತ್ ಬೇಸರದಿಂದಲೇ ಹೋಗಿ ಮತ್ತೆ ಬರೆದರು. ಆಗ ಬಂದದ್ದೇ ಇವತ್ತು ಎಲ್ಲರೂ ಗುನುಗುವ ಆ ರಾಗ. 2012ರಲ್ಲಿ ಲಾ-ಲಾ ಲ್ಯಾಂಡ್ ಕಂಪನಿ ತಂದ ಮೂರು ಡಿಸ್ಕಿನಲ್ಲಿ ಮೊದಲು ಬರೆದದ್ದೂ ಇದೆ, ಆಮೇಲೆ ಬರೆದದ್ದೂ ಇದೆ. ಒಂದರ ಹಿಂದೆ ಒಂದು ಕೇಳಿ. ಸಂಗೀತ ಸಂಯೋಜನೆ ಅಂದರೆ ಏನು ಅಂತ ಯಾವ ಪಾಠವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಚಿತ್ರದ ಕ್ರಮವೇ ಬೇಕು ಎನ್ನುವವರಿಗೆ ‘ಏಲಿಯನ್’ ದೊಡ್ಡ ತಲೆನೋವು. ಅದೂ 1979ರದು, ಗೋಲ್ಡ್‌ಸ್ಮಿತ್ ಅವರದೇ. ಸಂಕಲನದ ಹೊತ್ತಿಗೆ ಅವರ ಸಂಗೀತ ಅತ್ತಿತ್ತ ಸರಿಯಿತು. ಕೆಲವು ಕಡೆ ಅವರೇ 1962ರಲ್ಲಿ ‘ಫ್ರಾಯ್ಡ್’ ಚಿತ್ರಕ್ಕೆ ಮಾಡಿದ ಸಂಗೀತ ಬಂತು. ಕೊನೆಗೆ ಇನ್ನೊಬ್ಬ ಸಂಯೋಜಕ ಹೊವಾರ್ಡ್ ಹ್ಯಾನ್ಸನ್ ಅವರ ಎರಡನೇ ಸಿಂಫನಿ ಬಂತು. ಶೀರ್ಷಿಕೆಗೆ ಗೋಲ್ಡ್‌ಸ್ಮಿತ್ ಇಷ್ಟಪಟ್ಟು ಬರೆದದ್ದನ್ನು ಬಿಟ್ಟು ಬೇರೆ ಬರೆಸಿದರು. ಅವರ ಇಷ್ಟದ ಶೀರ್ಷಿಕೆ ಚಿತ್ರದಲ್ಲಿಲ್ಲ, ಹಳೇ ಆಲ್ಬಮ್ಮಿನಲ್ಲಿದೆ! ಈಗ ಹೇಳಿ, ಯಾವುದು ‘ನಿಜವಾದ’ ಏಲಿಯನ್ ಸಂಗೀತ? 2007ರಲ್ಲಿ ಇಂಟ್ರಾಡಾ ಕಂಪನಿ ಎರಡು ಡಿಸ್ಕಿನಲ್ಲಿ ಮೊದಲು ಬರೆದದ್ದು, ತಿದ್ದಿ ಬರೆದದ್ದು, ಹಳೇ ಆಲ್ಬಂ, ಎಲ್ಲವನ್ನೂ ಬೇರೆ ಬೇರೆಯಾಗಿ ಇಟ್ಟುಕೊಟ್ಟಿತು. ಆಯ್ಕೆ ನಿಮಗೆ ಬಿಟ್ಟಿತು. ನನ್ನ ಲೆಕ್ಕದಲ್ಲಿ ಮರುಬಿಡುಗಡೆ ಅಂದರೆ ಹೀಗಿರಬೇಕು.

ಹಾಗಾಗಿ ನನ್ನ ಮಾತು ಇಷ್ಟೇ. ಹಳೇ ಆಲ್ಬಂ ಒಂದು ಕೃತಿ. ಉಗ್ರಾಣದ ಟೇಪು ಅಷ್ಟೂ ಜನರ ದುಡಿಮೆಯ ದಾಖಲೆ. ಒಂದನ್ನು ತಂದು ಇನ್ನೊಂದನ್ನು ಒರೆಸಿ ಹಾಕಬಾರದು. ಹಳೇ ಆಲ್ಬಮ್ಮಿನ ಜೋಡಣೆಯನ್ನು ಪೂರ್ತಿ ಕೈಬಿಟ್ಟು ‘ಈಗ ಇದೇ ಕೊನೆಯ ಆವೃತ್ತಿ’ ಎಂದು ಬರುವ ಮರುಬಿಡುಗಡೆಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ತಡ ಮಾಡುವಂತೆಯೂ ಇಲ್ಲ. 1970ರ ದಶಕದ ಕೆಲವು ಬಗೆಯ ಟೇಪುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಕಿರುಚುತ್ತದೆ, ಕಂದು ಪುಡಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಸುಮಾರು 50ರಿಂದ 55 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಸ್ವಲ್ಪ ದಿನ ಮಾತ್ರ ನುಡಿಯುತ್ತದೆ, ಅಷ್ಟರೊಳಗೆ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಅದಕ್ಕೂ ಹಿಂದಿನ ಅಸಿಟೇಟ್ ಮ್ಯಾಗ್ನೆಟಿಕ್ ಫಿಲ್ಮ್ ಆದರೆ ವಿನೆಗರ್ ವಾಸನೆ ಬಂದು ಸುರುಟಿಕೊಳ್ಳುತ್ತದೆ. ಡಬ್ಬಿಯ ಮೇಲೆ ‘3ಎಂ2’ ಎಂದಷ್ಟೇ ಇರುತ್ತದೆ. ಮೂರನೇ ರೀಲಿನ ಎರಡನೇ ಸಂಗೀತ ಭಾಗ ಅಂತ ಅರ್ಥ. ಅದು ಯಾವ ದೃಶ್ಯ, ಯಾವ ಟೇಕ್ ಒಳ್ಳೆಯದು ಅಂತ ಯಾರೋ ಒಬ್ಬರು ಹಗಲು ರಾತ್ರಿ ಕೂತು ಹುಡುಕಬೇಕು. ಎಷ್ಟೋ ಟೇಪುಗಳಿಗೆ ಆ ಕೆಲಸ ನಡೆಯುವುದು ಮರುಬಿಡುಗಡೆಯ ಹೊತ್ತಿಗೆ ಮಾತ್ರ.

ಈ ವಿಶೇಷ ಆವೃತ್ತಿಗಳ ಮೇಲೆ ‘3000 ಪ್ರತಿ ಮಾತ್ರ’ ಅಂತ ಇರುತ್ತದೆ. ಬೆಲೆ ಏರಿಸುವ ತಂತ್ರ ಅಲ್ವಾ? — ಹುಬ್ಬಳ್ಳಿಯ ಓದುಗರು

ಕೆಲವು ಸಲ ಇರಬಹುದು. ಆದರೆ ಆ 3000ಕ್ಕೆ ಒಂದು ಕಾರಣ ಇತ್ತು. ಅಮೆರಿಕದ ವಾದ್ಯಗಾರರ ಸಂಘದ ನಿಯಮದ ಪ್ರಕಾರ, ಚಿತ್ರಕ್ಕೆಂದು ನುಡಿಸಿದ ಸಂಗೀತವನ್ನು ಆಲ್ಬಂ ಮಾಡಿದರೆ ವಾದಕರಿಗೆ ಮತ್ತೆ ಹಣ ಕೊಡಬೇಕು. ನಿಮಿಷ ಜಾಸ್ತಿ ಆದಷ್ಟೂ ಹಣ ಜಾಸ್ತಿ. 1980 ಮತ್ತು 90ರ ದಶಕಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಆದ ಎಷ್ಟೋ ಚಿತ್ರಗಳ ಸಿಡಿ ಬರೀ 30 ನಿಮಿಷ ಇರುತ್ತಿದ್ದದ್ದು ಅದಕ್ಕೇ. ಲಂಡನ್ನಿನಲ್ಲಿ ನುಡಿಸಿದ್ದಕ್ಕೆ ಆ ನಿಯಮ ಇರಲಿಲ್ಲ. ಮುಂದೆ ಹಳೆಯ ಚಿತ್ರಗಳ ಸಣ್ಣ ಆವೃತ್ತಿಗಳಿಗೆ ಕಡಿಮೆ ದರದ ಒಪ್ಪಂದ ಆಯಿತು. ಆ ಸಣ್ಣ ಆವೃತ್ತಿಯ ಮಿತಿಯೇ 3000.

30 ನಿಮಿಷದ ಸಿಡಿ ನೋಡಿ ನಾನೂ ಬೈದಿದ್ದೇನೆ. ಈಗ ಬೈಯುವುದಿಲ್ಲ. ನನ್ನ ಅಂಗಡಿಯಲ್ಲಿ ಸಾವಿರಾರು ಕ್ಯಾಸೆಟ್ ತುಂಬಿಸಿಕೊಟ್ಟೆ. ಅವುಗಳಲ್ಲಿ ಪಿಟೀಲು ನುಡಿಸಿದ ಒಬ್ಬರಿಗೂ ಒಂದು ಪೈಸೆ ಮುಟ್ಟಿಸಲಿಲ್ಲ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಆದರೂ ಅದು ತಪ್ಪೇ. ತಮ್ಮ ನುಡಿಸಾಣಿಕೆ ಎರಡನೇ ಸಲ ಮಾರಾಟವಾದರೆ ಎರಡನೇ ಸಲ ಕೂಲಿ ಕೇಳುವುದು ನ್ಯಾಯ. ನಮ್ಮ ಚಿತ್ರಗಳಿಗೆ ನುಡಿಸಿದ ವಾದಕರಿಗೂ ಅಂಥ ಬಲ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

‘ಬ್ಲೇಡ್ ರನ್ನರ್’ 1994ರ ಸಿಡಿ ನನ್ನಲ್ಲಿದೆ. 2007ರ ಮೂರು ಡಿಸ್ಕಿನದನ್ನು ಸೆಕೆಂಡ್ ಹ್ಯಾಂಡ್ ಆಗಿಯಾದರೂ ಕೊಳ್ಳಬೇಕೇ? — ಮಂಗಳೂರಿನ ಓದುಗರು

ಎರಡನೇ ಡಿಸ್ಕಿಗಾಗಿ ಕೊಳ್ಳಿ. ಮೊದಲನೆಯದು ನಿಮ್ಮಲ್ಲಿರುವುದೇ. ಮೂರನೆಯದು ಚಿತ್ರದ ಸಂಗೀತಗಾರ ವ್ಯಾಂಜಲಿಸ್ ಆ ಚಿತ್ರವನ್ನು ನೆನೆದು ಹೊಸದಾಗಿ ಮಾಡಿದ ಸಂಗೀತ. ಎರಡನೆಯದರಲ್ಲಿ ಚಿತ್ರಕ್ಕೆ ಮಾಡಿ ಅಲ್ಲಿಯವರೆಗೆ ಹೊರಬರದೇ ಇದ್ದ ಭಾಗಗಳಿವೆ.

ಈ ಚಿತ್ರದ ಅಭಿಮಾನಿಗಳು ಬಹಳ ಕಾದವರು. ಚಿತ್ರ ಬಂದದ್ದು 1982ರಲ್ಲಿ. ಆಗ ಅಂಗಡಿಗೆ ಬಂದದ್ದು ಬೇರೆ ವಾದ್ಯವೃಂದ ನುಡಿಸಿದ ಆವೃತ್ತಿ. ವ್ಯಾಂಜಲಿಸ್ ಅವರದೇ ಆಲ್ಬಂ ಬರಲು ಹನ್ನೆರಡು ವರ್ಷ ಹಿಡಿಯಿತು. ಅದರಲ್ಲೂ ಚಿತ್ರದ ಮಾತುಗಳನ್ನು ಬೆರೆಸಿದ್ದಾರೆ, ಚಿತ್ರದಲ್ಲಿ ಇಲ್ಲದ ತುಣುಕುಗಳನ್ನು ಸೇರಿಸಿದ್ದಾರೆ. ಆ ಖಾಲಿ ಜಾಗವನ್ನು ಕಳ್ಳ ಪ್ರತಿಗಳು ತುಂಬಿದವು. 2007ರಲ್ಲೂ ಪೂರ್ತಿ ಬರಲಿಲ್ಲ ಅಂತ ಬಹಳ ಜನ ನೊಂದರು, ನಾನೂ ನೊಂದೆ. ಆದರೆ ಒಂದು ಮಾತು. ಆ 1994ರ ಆಲ್ಬಮ್ಮನ್ನು ಅವರೇ ಕೂತು ಜೋಡಿಸಿದ್ದು. ರಾತ್ರಿ ದೀಪ ಆರಿಸಿ, ಮಳೆ ಹೊಯ್ಯುವಾಗ ಒಮ್ಮೆ ಕೇಳಿ. ನಿಮ್ಮೂರಲ್ಲಿ ಮಳೆಗೇನೂ ಕೊರತೆ ಇಲ್ಲ. ಆ ಮಾತುಗಳು ಅಲ್ಲಿ ಯಾಕಿವೆ ಅಂತ ಗೊತ್ತಾಗುತ್ತದೆ.

ಮಂಗಳೂರಿನಲ್ಲಿ ಇದ್ದೀರಿ, ಹಾಗಾಗಿ ಇನ್ನೊಂದು. ಡಿಸ್ಕಿಗಿಂತ ಮೊದಲು ಅದರ ಪುಸ್ತಿಕೆಗೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯಿಂದ ತೆಗೆದು ಬೇರೆ ಇಡಿ. ಯಾವ ತುಣುಕು ಯಾವ ಟೇಪಿನಿಂದ ಬಂತು ಅನ್ನುವುದೆಲ್ಲ ಇಂಥ ಆವೃತ್ತಿಗಳಲ್ಲಿ ಪುಸ್ತಿಕೆಯಲ್ಲೇ ಇರುತ್ತದೆ.

ಕನ್ನಡ ಚಿತ್ರಗಳ ಹಿನ್ನೆಲೆ ಸಂಗೀತಕ್ಕೆ ಇಂಥ ಭಾಗ್ಯ ಯಾವಾಗ? — ಬೆಂಗಳೂರಿನ ಓದುಗರು

ಈ ಪ್ರಶ್ನೆ ಓದಿ ಹೊಟ್ಟೆ ಉರಿಯಿತು. ನಮ್ಮಲ್ಲಿ ಪ್ಲೇಟು ಅಂದರೆ ಹಾಡು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಎಂ. ರಂಗರಾವ್, ರಾಜನ್-ನಾಗೇಂದ್ರ ಇವರೆಲ್ಲರ ಹಾಡು ನಮಗೆ ಬಾಯಿಪಾಠ. ಹಾಡಿನ ನಡುವೆ ಮಾತಿಲ್ಲದ ದೃಶ್ಯಕ್ಕೆ ಅವರು ಬರೆದ ವೀಣೆಯ ಒಂದು ಸಾಲು, ಕೊಳಲಿನ ಒಂದು ಸಾಲು ಚಿತ್ರದ ಜೊತೆಗೇ ಬಂದು ಚಿತ್ರದ ಜೊತೆಗೇ ಹೋಯಿತು. ಅದನ್ನು ಬೇರೆಯಾಗಿ ಹೊರತರುವ ಅಭ್ಯಾಸವೇ ನಮ್ಮಲ್ಲಿ ಬೆಳೆಯಲಿಲ್ಲ. ಆಗಿನ ರೆಕಾರ್ಡಿಂಗ್ ಬಹುಪಾಲು ಮದ್ರಾಸಿನಲ್ಲಿ ನಡೆಯುತ್ತಿತ್ತು. ಮಾತು, ಸದ್ದು, ಸಂಗೀತ ಮೂರನ್ನೂ ಒಂದೇ ಧ್ವನಿಪಟ್ಟಿಗೆ ಬೆರೆಸಿದ ಮೇಲೆ ಸಂಗೀತವನ್ನು ಬೇರೆ ಮಾಡಿ ತೆಗೆಯುವುದು ಬಹಳ ಕಷ್ಟ. ಬೆರೆಸುವ ಮುಂಚಿನ ಟೇಪು ಬೇಕು.

ಜನರಿಗೆ ಕೇಳುವ ಮನಸ್ಸಿಲ್ಲ ಅಂತ ಹೇಳಬೇಡಿ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಮಾಡಿದ ಶೀರ್ಷಿಕೆ ಸಂಗೀತದಲ್ಲಿ ಸಾಹಿತ್ಯವೇ ಇಲ್ಲ. ಆದರೂ ಅದನ್ನು ಗುನುಗದ ಕನ್ನಡಿಗರು ಯಾರಿದ್ದಾರೆ? ನಿಮ್ಮ ಮನೆಯಲ್ಲೋ, ಚಿತ್ರರಂಗದಲ್ಲಿ ದುಡಿದ ನೆಂಟರ ಮನೆಯಲ್ಲೋ ಹಳೇ ಸ್ಪೂಲ್ ಟೇಪು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನುಡಿಸಿ ನೋಡಲೂ ಬೇಡಿ. ತಂಪಾದ ಒಣ ಜಾಗದಲ್ಲಿ ನಿಲ್ಲಿಸಿ ಇಟ್ಟು, ಡಬ್ಬಿಯ ಮೇಲಿನ ಬರಹದ ಫೋಟೋ ತೆಗೆದು ನನಗೆ ಬರೆಯಿರಿ.

ನಾನು ಪಿಯುಸಿ ವಿದ್ಯಾರ್ಥಿನಿ. ನಮ್ಮ ಕಾರಾಪುರದ ಸಾಬು ಹಾಲಿವುಡ್‌ನಲ್ಲಿ ನಟಿಸಿದ್ದರಂತೆ. ಅವರ ಚಿತ್ರಗಳ ಸಂಗೀತ ಆಲ್ಬಂ ಆಗಿದೆಯೇ? — ಹೆಗ್ಗಡದೇವನಕೋಟೆಯ ಓದುಗರು

ನಿನ್ನ ಪತ್ರವನ್ನು ಕೊನೆಗೆ ಇಟ್ಟುಕೊಂಡೆನಮ್ಮ, ಯಾಕೆಂದರೆ ಇದಕ್ಕೆ ಉತ್ತರಿಸಲು ತುಂಬ ಆಸೆ ಇತ್ತು.

ಆಗಿದೆ. ಅದೂ ಎಂಥ ಆಲ್ಬಂ! ಸಾಬು 1924ರಲ್ಲಿ ಹುಟ್ಟಿದ್ದು ನಿಮ್ಮ ಕಾರಾಪುರದಲ್ಲಿ. ಮಾವುತರ ಮಗ. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಗೊತ್ತಾದರು. 1942ರಲ್ಲಿ ‘ಜಂಗಲ್ ಬುಕ್’ ಚಿತ್ರದಲ್ಲಿ ಮೋಗ್ಲಿ ಆದರು. ಅದಕ್ಕೆ ಸಂಗೀತ ಯಾರದು ಗೊತ್ತೇ? ಮೇಲೆ ಹಾಸನದವರಿಗೆ ಬರೆದ ಅದೇ ರೋಝಾ ಅವರದು. ಆ ಸಂಗೀತವನ್ನು ಆರ್‌ಸಿಎ ವಿಕ್ಟರ್ 78 ಆರ್‌ಪಿಎಂ ಪ್ಲೇಟುಗಳ ಆಲ್ಬಂ ಮಾಡಿತು. ಹಾಡಿನ ಚಿತ್ರವಲ್ಲದ ಒಂದು ಅಮೆರಿಕನ್ ಚಿತ್ರದ ಹಿನ್ನೆಲೆ ಸಂಗೀತ ಹೀಗೆ ಆಲ್ಬಂ ಆದದ್ದರಲ್ಲಿ ಇದು ಮೊಟ್ಟಮೊದಲ ಸಾಲಿನದು. ಸಂಗೀತದ ನಡುವೆ ಕಥೆ ಹೇಳುವ ದನಿ ಸಾಬು ಅವರದೇ. ಇವತ್ತು ನಾವು ಎರಡು ಡಿಸ್ಕು ಸಾಕೇ, ಐದು ಬೇಕೇ ಅಂತ ಜಗಳ ಆಡುವ ಈ ಇಡೀ ಸಂಗ್ರಹ ಲೋಕದ ಹೊಸ್ತಿಲಲ್ಲೇ ನಿಮ್ಮೂರಿನ ಹುಡುಗನ ದನಿ ಇದೆ.

78ರ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಹೆಚ್ಚೆಂದರೆ ನಾಲ್ಕೈದು ನಿಮಿಷ. ಅಷ್ಟರಲ್ಲಿ ಏನು ಇಡಬೇಕು, ಏನು ಬಿಡಬೇಕು ಅಂತ ರೋಝಾ ಆರಿಸಲೇಬೇಕಿತ್ತು. ತೋಳಗಳಿಗೆ, ಹೆಬ್ಬಾವಿಗೆ, ಆನೆಗಳಿಗೆ ಬೇರೆ ಬೇರೆ ರಾಗ ಇವೆ. ಆನೆಗಳು ಬರುವಾಗ ವಾದ್ಯವೃಂದದ ಕೆಳದನಿಗಳು ಹೆಜ್ಜೆ ಹಾಕುತ್ತವೆ. ಕಬಿನಿ ದಂಡೆಯಲ್ಲಿ ಆನೆ ನೋಡಿ ಬೆಳೆದವಳು ನೀನು, ಆ ನಡಿಗೆ ಸರಿಯಾಗಿದೆಯೇ ಅಂತ ನೀನೇ ಹೇಳಬೇಕು. ಮುಂದೆ ಆ ಸಂಗೀತ ಎಲ್‌ಪಿಯಾಗಿಯೂ ಬಂತು.

ನಿಮ್ಮ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಹಳೇ 78ರ ಪ್ಲೇಟುಗಳಿದ್ದರೆ ಹುಷಾರಾಗಿ ಎತ್ತು. ಅವು ಅರಗಿನವು, ಕೈ ತಪ್ಪಿದರೆ ಹಂಚಿನ ಹಾಗೆ ಒಡೆಯುತ್ತವೆ. ಒಂದರ ಮೇಲೊಂದು ಮಲಗಿಸಬೇಡ, ನಿಲ್ಲಿಸಿ ಇಡು. ಎಲ್‌ಪಿ ಸೂಜಿಯಲ್ಲಿ ನುಡಿಸಬೇಡ, ಅವುಗಳ ಗೀರು ಅಗಲ, ಬೇರೆ ದಪ್ಪ ಸೂಜಿ ಬೇಕು. ನಡುವಿನ ಲೇಬಲ್ಲಿನಲ್ಲಿ ಏನು ಬರೆದಿದೆ ಅಂತ ಮೊದಲು ಓದಿ ನನಗೆ ತಿಳಿಸು. ಸೂಜಿ ನಾನು ತರುತ್ತೇನೆ.